ಗೆರೆಯ ಮೇಲೆ ಬಿದ್ದ ಚೆಂಡು

ಟೆನ್ನಿಸ್ ನಮ್ಮ ಪೀರನವಾಡಿಯ ಆಟವಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಹಾದಿಯಲ್ಲಿ, ಉದ್ಯಮಬಾಗಿನ ಕಾರಖಾನೆಗಳನ್ನು ದಾಟಿದ ಮೇಲೆ ಸಿಗುವ ಈ ಊರಿನಲ್ಲಿ ಹುಡುಗರ ಕೈಯಲ್ಲಿ ಕ್ರಿಕೆಟ್ಟಿನ ಬ್ಯಾಟು ಇರುತ್ತದೆ; ಹಿರಿಯರ ಬಾಯಲ್ಲಿ ಕುಸ್ತಿಯ ಮಾತು ಇರುತ್ತದೆ. ಭುಜಕ್ಕೆ ಉದ್ದನೆಯ ಚೀಲವೊಂದನ್ನು ತೂಗಿಹಾಕಿಕೊಂಡು ನನ್ನ ಹನ್ನೊಂದು ವರ್ಷದ ಮಗಳು ರಾಯಣ್ಣನ ಪ್ರತಿಮೆಯ ಬಳಿ ಬಸ್ಸಿಗಾಗಿ ನಿಂತಾಗ, “ಏನ ಬಾಳಾ, ಸಿತಾರ ಕಲಿಯಾಕ ಹೊಂಟೀಯೇನು?” ಎಂದು ಕೇಳಿದವರುಂಟು. ನಮ್ಮ ಓಣಿಯ ಹಿರಿಯರೊಬ್ಬರಿಗೆ ಈ ಆಟದಲ್ಲಿ ಸೊನ್ನೆಗೆ ‘ಲವ್’ ಎನ್ನುತ್ತಾರೆಂಬ ಸಂಗತಿ ಎಲ್ಲಿಂದಲೋ ತಿಳಿದು ಬಹಳ ಸಂತೋಷವಾಯಿತು. “ಸೊನ್ನಿಗೆ ಪ್ರೀತಿ ಅಂತಾರಂತ, ಖರೇ ಏನ್ರಿ ಮಾಸ್ತರ? ಅದೂ ಸರೀನ ಐತಿ ಬಿಡ್ರಿ. ಕೈಯಾಗ ಏನೂ ಇಲ್ಲದಾಗ ಉಳಿಯೂದು ಅದೊಂದ” ಎಂದು ತಾವೇ ವ್ಯಾಖ್ಯಾನವನ್ನೂ ಮಾಡಿದರು. ಕನ್ನಡ ಎಂ.ಎ. ಮಾಡಿದ ನನಗೆ ಅಷ್ಟು ಚೆಲುವಾದ ವ್ಯಾಖ್ಯಾನ ಹೊಳೆದಿರಲಿಲ್ಲ.

ಕುಸ್ತಿಯನ್ನು ನೋಡಿ ಬೆಳೆದ ಜನಕ್ಕೆ ಟೆನ್ನಿಸಿನ ಒಂದು ಗುಣವನ್ನು ತಿಳಿಯಹೇಳುವುದು ಕಷ್ಟ. ಕುಸ್ತಿಯ ಕಣದ ಸುತ್ತ ಊರೇ ಕುಳಿತಿರುತ್ತದೆ. ಪೈಲವಾನನ ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂಬುದನ್ನು ಅವನು ಬಾಯಿಬಿಟ್ಟು ಹೇಳಬೇಕಾದುದಿಲ್ಲ. ಸಾವಿರ ಕಣ್ಣುಗಳು ಒಮ್ಮೆಲೇ ನೋಡಿ ಹೇಳಿಬಿಡುತ್ತವೆ. ಟೆನ್ನಿಸಿನ ಅಂಕಣವೋ ೭೮ ಅಡಿ ಉದ್ದ. ಒಬ್ಬರಿಗೊಬ್ಬರು ಆಡುವಾಗ ೨೭ ಅಡಿ ಅಗಲ. ಅದರ ಅಂಚಿಗೆ ಎರಡಂಗುಲದಷ್ಟು ಅಗಲದ ಬಿಳಿಯ ಗೆರೆ. ಚೆಂಡು ಆ ಗೆರೆಯನ್ನು ಎಳ್ಳಷ್ಟು ಸವರಿದರೂ ಒಳಗೇ ಬಿದ್ದಂತೆ ಲೆಕ್ಕ. ಕಣ್ಣು ಮಿಟುಕಿಸುವಷ್ಟರಲ್ಲಿ ಚೆಂಡು ಬೀಳುತ್ತದೆ, ಏಳುತ್ತದೆ, ಹೋಗುತ್ತದೆ. ಅದನ್ನು ಸರಿಯಾಗಿ ಕಂಡವರು ಒಬ್ಬರೋ ಇಬ್ಬರೋ.

ದೊಡ್ಡವರ ದೊಡ್ಡ ಪಂದ್ಯಗಳಲ್ಲಿ ಇದಕ್ಕೆ ಏರ್ಪಾಡುಗಳಿವೆ. ಮಕ್ಕಳ ಪಂದ್ಯಗಳಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಒಬ್ಬ ಅಧಿಕಾರಿ ನಾಲ್ಕಾರು ಅಂಕಣಗಳ ನಡುವೆ ತಿರುಗಾಡುತ್ತಿರುತ್ತಾನೆ, ಅಷ್ಟೆ. ಬಲೆಯಿಂದ ಈಚೆಗೆ ಬಿದ್ದ ಚೆಂಡಿನ ತೀರ್ಪನ್ನು ಈಚೆಗಿರುವ ಮಗು ಹೇಳಬೇಕು. ಆಚೆಗೆ ಬಿದ್ದುದರ ತೀರ್ಪನ್ನು ಆಚೆಗಿರುವ ಮಗು ಹೇಳಬೇಕು. ಎಂದರೆ, ಕಕ್ಷಿಗಾರನೇ ನ್ಯಾಯಾಧೀಶ. ಇದಕ್ಕೊಂದು ಕಟ್ಟುಪಾಡೂ ಉಂಟು: ಚೆಂಡು ಹೊರಗೆ ಬಿದ್ದುದನ್ನು ನಿಚ್ಚಳವಾಗಿ ಕಂಡಿದ್ದರೆ ಮಾತ್ರ ‘ಔಟ್’ ಎನ್ನಬೇಕು, ಎಳ್ಳಷ್ಟು ಸಂಶಯವಿದ್ದರೂ ಅದು ಒಳಗೆ ಬಿತ್ತೆಂದೇ ಭಾವಿಸಬೇಕು. ಸಂಶಯದ ಲಾಭ ಎದುರಾಳಿಗೆ. ನಮ್ಮ ವೃತ್ತಿಯಲ್ಲಿ ಉತ್ತರಪತ್ರಿಕೆ ತಿದ್ದುವಾಗ, ಪಾಸೋ ನಪಾಸೋ ಎಂಬ ಸಂದರ್ಭದಲ್ಲಿ, ನಾವು ವಿದ್ಯಾರ್ಥಿಯ ಕಡೆಗೆ ವಾಲುತ್ತೇವೆ. ಆದರೆ ಅದರಿಂದ ನಮ್ಮ ಗಂಟೇನೂ ಹೋಗುವುದಿಲ್ಲ. ತನ್ನ ಗಂಟನ್ನು ತಾನೇ ಬಿಚ್ಚಿ ಎದುರಾಳಿಯ ಕೈಗೆ ಕೊಡು ಎಂದು ಹತ್ತು ಹನ್ನೊಂದು ವರ್ಷದ ಮಗುವಿಗೆ ಹೇಳುವ ಬೇರೆ ಆಟಗಳು ಎಷ್ಟಿವೆಯೋ ನಾನರಿಯೆ.

ಕಳೆದ ಚಳಿಗಾಲದಲ್ಲಿ ಧಾರವಾಡದಲ್ಲಿ ನಡೆದ ಮಕ್ಕಳ ಪಂದ್ಯವೊಂದರಲ್ಲಿ ಈ ಕಟ್ಟುಪಾಡು ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಿತು. ಇನ್ನೊಂದು ಪಾಯಿಂಟ್ ಬಂದರೆ ಪಂದ್ಯ ನನ್ನ ಮಗಳದು. ಎದುರಿನ ಹುಡುಗಿ ಹೊಡೆದ ಚೆಂಡು ಹಿಂಬದಿಯ ಗೆರೆಯ ಬಳಿ ಬಿತ್ತು. ಇವಳು ‘ಔಟ್’ ಎಂದಳು. ಆ ಹುಡುಗಿ ತಲೆ ತಗ್ಗಿಸಿ ಕೈಕುಲುಕಲು ಬಲೆಯ ಕಡೆಗೆ ಹೊರಟಳು. ಪಾಲಕರ ಸಾಲಿನಲ್ಲಿ ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ನಾಲ್ಕು ಹೆಜ್ಜೆ ನಡೆದ ನನ್ನ ಮಗಳು ನಿಂತಳು. ಹಿಂತಿರುಗಿ ಗೆರೆಯನ್ನು ನೋಡಿದಳು. ಆಮೇಲೆ, “ಇಲ್ಲ, ಗೆರಿಗೆ ತಾಗಿತ್ತು. ಪಾಯಿಂಟ್ ನಿಂದು” ಎಂದಳು. ಪಂದ್ಯ ಮುಂದುವರಿಯಿತು. ಎದುರಿನವಳಿಗೆ ಹೋದ ಜೀವ ಬಂದಂತಾಗಿತ್ತು. ಅವಳು ಚೆನ್ನಾಗಿ ಆಡಿದಳು, ಗೆದ್ದಳು.

ಆಗ ನನ್ನ ಮಗಳಿಗೆ ಆಟ ಕಲಿಸುತ್ತಿದ್ದ ತರಬೇತಿದಾರರು ಬಹಳ ಶ್ರಮಜೀವಿ. ಮುಂಜಾನೆ ಐದೂವರೆಗೆ ಅಂಕಣದ ಧೂಳು ಗುಡಿಸಿ ನೀರು ಹೊಡೆಯುವುದರಿಂದ ಹಿಡಿದು ಸಂಜೆ ಚೆಂಡು ಎಣಿಸಿ ಬುಟ್ಟಿಗೆ ಹಾಕುವವರೆಗೆ ದುಡಿಯುವ ಮನುಷ್ಯ. ಅವರು ಅಂದು ಮಗಳೊಡನೆ ಮಾತಾಡಲಿಲ್ಲ. ನನ್ನನ್ನು ಬದಿಗೆ ಕರೆದು ಹೇಳಿದರು: “ಸರ, ನಿಮಗ ತಿಂಗಳಾ ಪಗಾರ ಬರತೈತಿ. ಆಟಗಾರಗ ಗೆದ್ದರಷ್ಟ ಊಟ. ಎದುರಿನ ಮಂದಿ ಹತ್ತು ಚೆಂಡು ಕದ್ದಾಗ ನಿಮ್ಮ ಮಗಳು ಒಂದೂ ಕದಿಯಂಗಿಲ್ಲ ಅಂದರ ಹೆಂಗ ನಡೀಬೇಕು? ಆಕೀಗೆ ಛಲ ಇಲ್ರಿ. ರಾಕೆಟ್ ಮಾರಿ ಹೊಲಿಗಿ ಮಷೀನ ತಗೊಂಡಬಿಡ್ರಿ.” ಮುಂದಿನ ತಿಂಗಳಿನಿಂದ ಅವಳನ್ನು ಮೇಲಿನ ತಂಡದಿಂದ ಇಳಿಸುವುದಾಗಿಯೂ ಹೇಳಿದರು.

ಅವರ ಮಾತನ್ನು ಸಿಟ್ಟಿನಿಂದ ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಟೆನ್ನಿಸನ್ನು ಹೊಟ್ಟೆಪಾಡಾಗಿ ಹಿಡಿದವನ ಬಾಳು ನಾವು ಟಿ.ವಿ.ಯಲ್ಲಿ ಕಾಣುವಂತಹುದಲ್ಲ. ಮೇಲಿನ ಕೆಲವರ ಪಾಲಿಗೆ ಕೋಟಿಗಳು. ಕೆಳಗಿನ ನೂರಾರು ಜನ ಊರಿಂದೂರಿಗೆ ತಮ್ಮ ಖರ್ಚಿನಲ್ಲಿಯೇ ಪಯಣಿಸಿ, ಮೊದಲ ಸುತ್ತಿನಲ್ಲಿ ಸೋತರೆ ಬಂದ ಹಣ ಉಳಿದುಕೊಂಡ ಕೋಣೆಯ ಬಾಡಿಗೆಗೂ ಸಾಲದೆ ಮುಂದಿನ ಊರಿಗೆ ಹೊರಡುವವರು. ಕ್ರಿಕೆಟ್ಟಿನಂತೆ ಮಂಡಳಿಯೊಂದು ಸಂಬಳ ಕೊಟ್ಟು ಸಾಕುವುದಿಲ್ಲ. ಇಂಥ ಬಾಳಿನಲ್ಲಿ ಗೆರೆಯ ಮೇಲಿನ ಒಂದು ಚೆಂಡಿಗೆ ಅನ್ನದ ಬೆಲೆ ಇರುತ್ತದೆ. ತರಬೇತಿದಾರರು ಆ ಬೆಲೆಯನ್ನು ಕಂಡವರು; ನಾನು ಕಂಡವನಲ್ಲ.

ಆದರೂ ರಾತ್ರಿ ಬಸ್ಸಿನಲ್ಲಿ ಕಿತ್ತೂರು ದಾಟುವಾಗ, ನಿದ್ದೆ ಹೋಗಿದ್ದಾಳೆಂದು ನಾನು ತಿಳಿದಿದ್ದ ಮಗಳು ಕಣ್ಣು ಮುಚ್ಚಿಕೊಂಡೇ ಕೇಳಿದಳು: “ಅಪ್ಪಾ, ನಾ ಸುಮ್ಮನ ಇದ್ದಿದ್ದರ ಗೆದ್ದಬಿಡ್ತಿದ್ದೆ, ಹೌದಿಲ್ಲೋ? ಹೇಳಿದ್ದು ದಡ್ಡತನ ಆತೇನು?” ಇಂಥ ಪ್ರಶ್ನೆಗೆ ‘ಸತ್ಯವೇ ಗೆಲ್ಲುತ್ತದೆ’ ಎಂದು ಉತ್ತರ ಕೊಡುವಂತಿರಲಿಲ್ಲ. ಸತ್ಯ ಹೇಳಿ ಅವಳು ಅಂದೇ ಸೋತಿದ್ದಳು. ಮಕ್ಕಳಿಗೆ ಲೆಕ್ಕ ಬರುತ್ತದೆ.

ನಾನು ಅವಳಿಗೆ ಇಬ್ಬರ ಕಥೆ ಹೇಳಿದೆ.

ಮೊದಲನೆಯವನು ಸ್ವೀಡನ್ನಿನ ಮಾಟ್ಸ್ ವಿಲಾಂಡರ್. ೧೯೮೨ರಲ್ಲಿ ಪ್ಯಾರಿಸಿನ ಫ್ರೆಂಚ್ ಪಂದ್ಯಾವಳಿಯ ಸೆಮಿಫೈನಲ್. ಅವನಿಗಿನ್ನೂ ಹದಿನೇಳು ವರ್ಷ. ಎದುರಾಳಿ ಅರ್ಜೆಂಟೀನಾದ ಹೊಸೆ ಲೂಯಿಸ್ ಕ್ಲೆರ್ಕ್. ಪಂದ್ಯವನ್ನು ಮುಗಿಸುವ ಪಾಯಿಂಟಿನಲ್ಲಿ ಕ್ಲೆರ್ಕನ ಚೆಂಡು ಹೊರಗೆ ಬಿತ್ತೆಂದು ತೀರ್ಪಾಯಿತು. ವಿಲಾಂಡರ್ ಗೆದ್ದನೆಂದು ಘೋಷಿಸಿಯೂ ಆಯಿತು. ಆದರೆ ಚೆಂಡು ಒಳಗೆ ಬಿದ್ದಿತ್ತೆಂದು ಆ ಹುಡುಗನಿಗೆ ಅನ್ನಿಸಿತ್ತು. ಆ ಪಾಯಿಂಟನ್ನು ಮತ್ತೊಮ್ಮೆ ಆಡಿಸಬೇಕೆಂದು ಕೇಳಿಕೊಂಡ. ಮತ್ತೆ ಆಡಿದ, ಗೆದ್ದ. ಮುಂದೆ ಫೈನಲ್ಲನ್ನೂ ಗೆದ್ದ.

ಎರಡನೆಯವರು ನಮ್ಮ ಕೊಡಗಿನ ರೋಹನ್ ಬೋಪಣ್ಣ. ಕಾಫಿ ಬೆಳೆಗಾರರ ಮಗ. ೧೯೮೦ರ ಮಾರ್ಚಿನಲ್ಲಿ ಹುಟ್ಟಿದವರು. ೨೦೨೩ರ ಸೆಪ್ಟೆಂಬರಿನಲ್ಲಿ, ನಲವತ್ಮೂರನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ನರ ಜೊತೆಗೂಡಿ ಅಮೆರಿಕದ ಓಪನ್ ಪಂದ್ಯಾವಳಿಯ ಡಬಲ್ಸ್ ಫೈನಲ್ ಆಡುತ್ತಿದ್ದರು. ಪುರುಷರ ಡಬಲ್ಸಿನಲ್ಲಿ ನಾಲ್ಕು ಮಹಾ ಪಂದ್ಯಾವಳಿಗಳಲ್ಲಿ ಒಂದನ್ನೂ ಅವರು ಅದುವರೆಗೆ ಗೆದ್ದಿರಲಿಲ್ಲ. ೨೦೧೦ರಲ್ಲಿ ಇದೇ ಅಂಗಳದಲ್ಲಿ ಪಾಕಿಸ್ತಾನದ ಐಸಾಮುಲ್ ಹಕ್ ಖುರೇಷಿಯೊಡನೆ ಫೈನಲ್ ಮುಟ್ಟಿ ಸೋತಿದ್ದರು. ಹದಿಮೂರು ವರ್ಷ ಕಾದು ಬಂದ ಅವಕಾಶವದು. ಎರಡು ಸೆಟ್ಟುಗಳು ಸಮವಾಗಿ ಹಂಚಿಹೋಗಿ, ನಿರ್ಣಾಯಕವಾದ ಮೂರನೆಯದು ನಡೆಯುತ್ತಿದ್ದಾಗ ಎಬ್ಡನ್ ಒಂದು ಹೊಡೆತ ಹೊಡೆದರು. ಚೆಂಡು ಎದುರಾಳಿಗಳನ್ನು ದಾಟಿಹೋಯಿತು. ಪಾಯಿಂಟ್ ಬಂದಂತೆಯೇ. ಆಗ ಬೋಪಣ್ಣ, ಬಲೆಯನ್ನು ದಾಟುವ ಮೊದಲು ಆ ಚೆಂಡು ತನ್ನ ತೋಳನ್ನು ಸವರಿತೆಂದು ತಾವಾಗಿಯೇ ಹೇಳಿ ಪಾಯಿಂಟನ್ನು ಬಿಟ್ಟುಕೊಟ್ಟರು. ಮೈಗೆ ತಾಗಿದ ಚೆಂಡಿಗೆ ಪಾಯಿಂಟ್ ಇಲ್ಲವೆಂಬುದು ನಿಯಮ. ತಾಗಿದುದು ತಿಳಿದಿದ್ದುದು ಅವರ ತೋಳಿಗೆ ಮಾತ್ರ. ಆ ಫೈನಲ್ಲನ್ನು ಅವರು ೬-೨, ೩-೬, ೪-೬ರಿಂದ ಸೋತರು.

“ಒಬ್ಬ ಗೆದ್ದ, ಒಬ್ಬರು ಸೋತರು” ಎಂದಳು ಮಗಳು. ಹೌದು. ನಿಜ ಹೇಳುವುದಕ್ಕೂ ಗೆಲ್ಲುವುದಕ್ಕೂ ಗಂಟು ಹಾಕಬಾರದು. ಗಂಟು ಹಾಕಿದರೆ, ಸೋತ ದಿನ ನಿಜವನ್ನೂ ಬಿಟ್ಟುಬಿಡಬೇಕೆನ್ನಿಸುತ್ತದೆ. ಬೋಪಣ್ಣ ನಾಲ್ಕು ತಿಂಗಳ ಮೇಲೆ, ೨೦೨೪ರ ಜನವರಿಯಲ್ಲಿ, ಅದೇ ಎಬ್ಡನ್ನರೊಡನೆ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಡಬಲ್ಸಿನಲ್ಲಿ ಮೊದಲ ಬಾರಿಗೆ ವಿಶ್ವದ ಅಗ್ರಸ್ಥಾನಕ್ಕೆ ಏರಿದವರಲ್ಲೆಲ್ಲ ಅತಿ ಹಿರಿಯರೆನಿಸಿದರು. ಆದರೆ ಅದನ್ನು ನ್ಯೂಯಾರ್ಕಿನ ಸತ್ಯಕ್ಕೆ ಸಂದ ಬಡ್ಡಿಯೆಂದು ನಾನು ಮಗಳಿಗೆ ಹೇಳಲಿಲ್ಲ. ಅದು ಇಪ್ಪತ್ತು ವರ್ಷಗಳ ದುಡಿಮೆಗೆ ಸಂದ ಕೂಲಿ.

ಹಾಗಾದರೆ ನಿಜ ಹೇಳುವುದು ಆಟಕ್ಕೆ ಹೊರಗಿನ ಧರ್ಮವೇ? ಮನೆಯಲ್ಲಿ ದೇವರ ಮುಂದೆ ಕೈಮುಗಿದು, ಅಂಗಡಿಯಲ್ಲಿ ತಕ್ಕಡಿಯ ಕೆಳಗೆ ಬೆರಳು ಒತ್ತುವವರಂತೆ, ಇವೆರಡೂ ಬೇರೆ ಬೇರೆಯೇ? ಈ ಪ್ರಶ್ನೆಯನ್ನು ನಾನು ಬಹಳ ದಿನ ಹೊತ್ತು ತಿರುಗಿದೆ. ಮುಂಜಾನೆ ಅಂಕಣದ ಬದಿಯ ಕಲ್ಲುಬೆಂಚಿನ ಮೇಲೆ ಕುಳಿತು ಮಕ್ಕಳು ಆಡುವುದನ್ನು ನೋಡುತ್ತ ನೋಡುತ್ತ ನನಗೆ ಒಂದು ವಿಚಾರ ಹೊಳೆಯಿತು. ತರಬೇತಿದಾರರು ಮಕ್ಕಳಿಗೆ ದಿನಕ್ಕೆ ನೂರು ಸಲ ಹೇಳುವ ಮಾತು ಒಂದೇ: “ಚೆಂಡು ನೋಡು.” ರಾಕೆಟ್ ಹಿಡಿಯುವ ಬಗೆ, ಕಾಲಿಡುವ ಬಗೆ, ಎಲ್ಲ ಆಮೇಲೆ. ಮೊದಲು ಚೆಂಡು ಎಲ್ಲಿದೆಯೋ ಅಲ್ಲಿಯೇ ಅದನ್ನು ಕಾಣಬೇಕು. ಎಲ್ಲಿ ಇರಬೇಕೆಂದು ನೀನು ಬಯಸುವೆಯೋ ಅಲ್ಲಿ ಅಲ್ಲ. ಹೊಸಬರು ತಪ್ಪುವುದು ಇಲ್ಲಿಯೇ. ಅವರ ಕಣ್ಣು ಚೆಂಡಿಗಿಂತ ಮೊದಲೇ ಗೆಲುವಿನ ಕಡೆಗೆ ಓಡಿರುತ್ತದೆ.

ಗೆರೆಯ ತೀರ್ಪು ಹೇಳುವುದಕ್ಕೆ ಬೇಕಾದುದೂ ಈ ಕಣ್ಣೇ ಅಲ್ಲವೆ? ಇದ್ದುದನ್ನು ಇದ್ದಂತೆ ಕಾಣುವ ಕಣ್ಣು. ಗೆರೆಯ ಮೇಲೆ ಬಿದ್ದುದನ್ನು ಹೊರಗೆ ಬಿತ್ತೆಂದು ಇಂದು ಹೇಳಲು ಕಲಿತ ಮಗು ನಾಳೆ ಅದನ್ನು ಹೊರಗೇ ಕಾಣತೊಡಗುತ್ತದೆ. ಬಯಕೆ ಕಣ್ಣಿಗೆ ಪಾಠ ಹೇಳಲಾರಂಭಿಸಿತೆಂದರೆ ಹೊಡೆತವೂ ಕೆಟ್ಟಿತು. “ಚೆಂಡು ನೋಡು” ಎಂದು ನೂರು ಸಲ ಕಲಿಸಿ, ನೂರ ಒಂದನೆಯ ಸಲ “ನಿನಗೆ ಲಾಭವಾಗುವಂತೆ ನೋಡು” ಎನ್ನುವ ಗುರು, ತಾನು ಕಟ್ಟಿದ ಗೋಡೆಯ ಬುಡದಿಂದ ತಾನೇ ಕಲ್ಲು ಕಿತ್ತಂತೆ.

ಇನ್ನೊಂದು ಸಂಗತಿ. ಒಂದು ಪಾಯಿಂಟ್ ಮುಗಿದು ಮುಂದಿನದು ಆರಂಭವಾಗಲು ಆಟಗಾರನಿಗೆ ಸಿಗುವ ಕಾಲ ೨೫ ಸೆಕೆಂಡು. ಆಗ ಅವನ ಮನಸ್ಸು ಖಾಲಿಯಾಗಬೇಕು. ಹಿಂದಿನ ಸೋಲನ್ನು ಮರೆಯುವುದೇ ಕಷ್ಟ. ಅದರ ಮೇಲೆ ಕದ್ದ ಚೆಂಡನ್ನೂ ಹೊತ್ತುಕೊಂಡರೆ, ಎದುರಿನವರು ನೋಡಿದರೋ, ಅಧಿಕಾರಿಯನ್ನು ಕರೆದಾರೋ, ಮುಂದಿನ ಚೆಂಡಿಗೆ ಅವರೂ ಹೀಗೆಯೇ ಮಾಡಿಯಾರೋ ಎಂಬ ಲೆಕ್ಕಾಚಾರಕ್ಕೇ ಆ ೨೫ ಸೆಕೆಂಡು ಮುಗಿದುಹೋಗುತ್ತದೆ. ಇನ್ನು ಬಿಟ್ಟುಕೊಟ್ಟ ಒಂದು ಪಾಯಿಂಟಿನ ಬೆಲೆಯಾದರೂ ಎಷ್ಟು? ರೋಜರ್ ಫೆಡರರ್ ೨೦೨೪ರಲ್ಲಿ ಅಮೆರಿಕದ ಡಾರ್ಟ್ಮತ್ ಕಾಲೇಜಿನ ಪದವೀಧರರ ಮುಂದೆ ಮಾತನಾಡುತ್ತ ತಮ್ಮ ಲೆಕ್ಕವನ್ನು ಬಿಚ್ಚಿಟ್ಟರು. ಆಡಿದ ೧,೫೨೬ ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ನೂರಕ್ಕೆ ಎಂಬತ್ತನ್ನು ಗೆದ್ದವರು ಅವರು. ಆದರೆ ಗೆದ್ದ ಪಾಯಿಂಟುಗಳು ನೂರಕ್ಕೆ ೫೪ ಮಾತ್ರ. ಅಷ್ಟು ದೊಡ್ಡ ಆಟಗಾರನೂ ಹೆಚ್ಚುಕಡಿಮೆ ಪ್ರತಿ ಎರಡು ಪಾಯಿಂಟಿಗೆ ಒಂದನ್ನು ಸೋತಿದ್ದಾರೆ. ಸೋತ ಪಾಯಿಂಟನ್ನು ಬಿಟ್ಟು ಮುಂದಿನದಕ್ಕೆ ಹೋಗುವುದನ್ನು ಕಲಿಸುವುದೇ ತರಬೇತಿಯ ಮುಖ್ಯ ಭಾಗವಾದರೆ, ನ್ಯಾಯವಾಗಿ ಬಿಟ್ಟುಕೊಟ್ಟ ಪಾಯಿಂಟಿಗಾಗಿ ಮಗುವನ್ನು ಬೈಯುವುದು ಯಾವ ತರಬೇತಿ? ಛಲವೆಂದರೆ ಕದಿಯುವ ಧೈರ್ಯವಲ್ಲ. ಕೊಟ್ಟಮೇಲೆಯೂ ಬಿಡದೆ ಆಡುವ ಧೈರ್ಯ.

ಬೋಪಣ್ಣನವರಲ್ಲಿ ಆ ಛಲವಿತ್ತು. ೨೦೨೧ರ ಮೊದಲ ತಿಂಗಳುಗಳಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಾಗದೆ ಆಟವನ್ನೇ ಬಿಡುವ ಯೋಚನೆ ಬಂದಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. ಆಗ ಅವರನ್ನು ಎತ್ತಿ ನಿಲ್ಲಿಸಿದ್ದು ಅಯ್ಯಂಗಾರ್ ಯೋಗ. ಈ ಹೆಸರು ಬಂದಾಗ ನಮ್ಮ ಭಾಗದವರಾದ ನಮಗೆ ಒಂದು ಹೆಮ್ಮೆಯೂ ಸಲ್ಲಬೇಕು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು, ೧೯೩೬ರಲ್ಲಿ ತಮ್ಮ ಗುರು ಕೃಷ್ಣಮಾಚಾರ್ಯರೊಡನೆ ಧಾರವಾಡ, ಬೆಳಗಾವಿಗಳ ಕಡೆಗೆ ಬಂದಿದ್ದರು. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾಕ್ಟರ್ ಗೋಖಲೆಯವರು ಅವರ ವಿದ್ಯೆಯನ್ನು ಮೆಚ್ಚಿದರು. ಮುಂದೆ ೧೯೩೭ರಲ್ಲಿ ಅವರು ಪುಣೆಗೆ ಹೋಗಿ ನೆಲಸುವುದಕ್ಕೆ ಅದೇ ದಾರಿಯಾಯಿತು. ಆ ಯೋಗದ ಮರ್ಮವೂ ನನಗೆ ತಿಳಿದಂತೆ ಇಷ್ಟೆ: ಮೈ ಎಲ್ಲಿ ನೆಟ್ಟಗಿದೆ, ಎಲ್ಲಿ ಡೊಂಕಾಗಿದೆ ಎಂಬುದನ್ನು ಇದ್ದಂತೆ ಕಾಣುವುದು, ಅಲ್ಲಿಂದ ತಿದ್ದುವುದು. ಸವೆದ ಮೊಣಕಾಲನ್ನು ಸವೆದಿದೆಯೆಂದು ಒಪ್ಪಿದವನಿಗೆ ಮಾತ್ರ ಅದರ ಮೇಲೆ ನಿಲ್ಲುವ ಉಪಾಯ ಸಿಗುತ್ತದೆ. ಬೋಪಣ್ಣ ೨೦೨೫ರ ನವೆಂಬರಿನಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ವೃತ್ತಿಗೆ ವಿದಾಯ ಹೇಳಿದರು.

ಇತ್ತ ದೊಡ್ಡ ಪಂದ್ಯಗಳಲ್ಲಿ ಮನುಷ್ಯನ ಕಣ್ಣಿಗೇ ವಿದಾಯ ಹೇಳುತ್ತಿದ್ದಾರೆ. ೧೮೭೭ರಲ್ಲಿ ಆರಂಭವಾದ ವಿಂಬಲ್ಡನ್ನಿನಲ್ಲಿ ೨೦೨೫ರಿಂದ ಗೆರೆ ನೋಡುವ ಅಧಿಕಾರಿಗಳಿಲ್ಲ. ಕ್ಯಾಮರಾಗಳೇ ನೋಡುತ್ತವೆ, ಯಂತ್ರವೇ ಕೂಗುತ್ತದೆ. ಆ ಮೊದಲ ವರ್ಷವೇ ಸೆಂಟರ್ ಕೋರ್ಟಿನ ಒಂದು ಪಂದ್ಯದಲ್ಲಿ ಯಾರೋ ಕೈತಪ್ಪಿ ಯಂತ್ರವನ್ನು ಆರಿಸಿಬಿಟ್ಟಿದ್ದರಿಂದ, ಹೊರಗೆ ಬಿದ್ದ ಚೆಂಡಿಗೆ ತೀರ್ಪೇ ಬರದೆ ಪಾಯಿಂಟನ್ನು ಮತ್ತೆ ಆಡಿಸಬೇಕಾಯಿತು. ಫ್ರಾನ್ಸಿನವರು ಮಾತ್ರ ೨೦೨೫ರಲ್ಲಿಯೂ ಮನುಷ್ಯರನ್ನೇ ಉಳಿಸಿಕೊಂಡಿದ್ದರು. ಅವರ ಕೆಂಪು ಮಣ್ಣಿನ ಮೇಲೆ ಚೆಂಡು ತನ್ನ ಗುರುತನ್ನು ಬಿಟ್ಟುಹೋಗುತ್ತದೆ. ಇದನ್ನು ಕೇಳಿದ ನಮ್ಮ ಓಣಿಯ ಹಿರಿಯರು, “ಹಂಗಾರ ಅವರದು ನಮ್ಮ ಕುಸ್ತಿ ಇದ್ದಂಗ. ಮಣ್ಣ ಸಾಕ್ಷಿ” ಎಂದರು.

ಯಂತ್ರ ಬಂದುದು ಒಳ್ಳೆಯದೇ. ಆದರೆ ಅದು ಬರುವುದು ಹಣವಿದ್ದ ಅಂಗಳಕ್ಕೆ. ಹಣವಿಲ್ಲದ ಸಣ್ಣ ಪಂದ್ಯಗಳಲ್ಲಿಯೇ ಈ ಆಟಕ್ಕೆ ನಿಜವಾದ ರೋಗ ತಗಲಿರುವುದು. ಗೆದ್ದರೂ ಖರ್ಚು ಹುಟ್ಟದ ಆ ಪಂದ್ಯಗಳಲ್ಲಿ, ಸೋಲುವುದಕ್ಕೆ ದುಡ್ಡು ಕೊಡುವ ಜೂಜುಕೋರರು ಆಟಗಾರರನ್ನು ಹುಡುಕಿಕೊಂಡು ಬರುತ್ತಾರೆ. ಇದನ್ನು ತಡೆಯಲೆಂದೇ ೨೦೨೧ರಿಂದ ಒಂದು ಅಂತರರಾಷ್ಟ್ರೀಯ ಸಂಸ್ಥೆ ಪ್ರತ್ಯೇಕವಾಗಿ ಕೆಲಸ ಮಾಡುತ್ತಿದೆ. ಹಲವರಿಗೆ ಆಜೀವ ಬಹಿಷ್ಕಾರವನ್ನೂ ವಿಧಿಸಿದೆ. ಇಪ್ಪತ್ತರ ತರುಣನೊಬ್ಬ ಹೋಟೆಲಿನ ಕೋಣೆಯಲ್ಲಿ ಒಬ್ಬನೇ ಕುಳಿತು ಅಂಥ ಹಣಕ್ಕೆ ಒಲ್ಲೆ ಎನ್ನಬೇಕಾದಾಗ ಯಾವ ಕ್ಯಾಮರಾ ಅವನ ನೆರವಿಗೆ ಬರುತ್ತದೆ? ಹತ್ತನೆಯ ವಯಸ್ಸಿನಲ್ಲಿ, ಯಾರೂ ನೋಡದ ಅಂಕಣದಲ್ಲಿ, “ಪಾಯಿಂಟ್ ನಿಂದು” ಎಂದು ಹೇಳಿ ಅಭ್ಯಾಸವಾದ ನಾಲಿಗೆ ಮಾತ್ರ ಬಂದೀತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ನಮ್ಮ ಮನೆಯಲ್ಲಿ ಇದರ ಮೇಲೆ ವಾದವಾಗದೆ ಇರಲಿಲ್ಲ. “ಅವರ ಕೈಯಾಗ ಕಲಿತ ಮಕ್ಕಳು ರಾಜ್ಯದ ಪಂದ್ಯಕ್ಕೆ ಹೋಗ್ಯಾರ. ಬಿಡಿಸಿದರ ಆಕಿ ಹಿಂದ ಬೀಳ್ತಾಳ್ರಿ” ಎಂದು ನನ್ನಾಕೆ ಹೇಳಿದುದು ಸುಳ್ಳಲ್ಲ. ಆ ಮೇಲಿನ ತಂಡದಂತಹ ಅಭ್ಯಾಸ, ಅಂತಹ ಜೊತೆಗಾರರು ಬೇರೆಡೆ ಸಿಗುವುದು ಕಷ್ಟ. ಆದರೂ ನಾವಿಬ್ಬರೂ ಕೂಡಿ ಯೋಚಿಸಿ, ಮಗಳನ್ನೂ ಕೇಳಿ, ಬಿಡಿಸಿದೆವು. ಈಗ ಅವಳು ನಿವೃತ್ತರೊಬ್ಬರ ಬಳಿ ಕಲಿಯುತ್ತಾಳೆ. ಅವರ ಬಳಿ ಇರುವುದು ಒಂದೇ ಅಂಕಣ, ಆರು ಮಕ್ಕಳು, ಬಣ್ಣ ಹೋದ ಚೆಂಡುಗಳ ಒಂದು ಬುಟ್ಟಿ. ಪಂದ್ಯ ಆಡಿ ಬಂದ ಮಗುವನ್ನು ಅವರು ಗೆದ್ದೆಯೋ ಸೋತೆಯೋ ಎಂದು ಮೊದಲು ಕೇಳುವುದಿಲ್ಲ. “ಇವತ್ತ ಚೆಂಡು ಚಂದಾಗಿ ಕಂಡಿತೇನವಾ?” ಎಂದು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಆಟವೂ ಇದೆ, ನಡತೆಯೂ ಇದೆ. ಎರಡನ್ನೂ ಬೇರೆ ಮಾಡಿ ತೋರಿಸೆಂದರೆ ಅವರಿಗೂ ಆಗಲಿಕ್ಕಿಲ್ಲ.

ನನ್ನ ಮಗಳು ದೊಡ್ಡ ಆಟಗಾರ್ತಿ ಆಗುವಳೆಂದು ನಾನು ಹೇಳುತ್ತಿಲ್ಲ. ಆಗದಿರುವ ಸಂಭವವೇ ಹೆಚ್ಚು. ಈ ಆಟದ ಮೆಟ್ಟಿಲುಗಳು ಅಷ್ಟು ಕಡಿದು. ಈ ಆರು ತಿಂಗಳಲ್ಲಿ ಅವಳು ಮೂರು ಪಂದ್ಯಾವಳಿಗಳನ್ನು ಆಡಿ, ಎರಡರಲ್ಲಿ ಮೊದಲ ಸುತ್ತಿನಲ್ಲಿಯೇ ಸೋತಿದ್ದಾಳೆ. ಸೋತು ಬಂದ ದಿನ ಊಟ ಮಾಡದೆ ಮುಖ ಊದಿಸಿಕೊಂಡು ಕುಳಿತುಕೊಳ್ಳುತ್ತಾಳೆ. ಛಲವಿಲ್ಲವೆಂದವರು ಆ ಮುಖವನ್ನೊಮ್ಮೆ ನೋಡಬೇಕು. ಮರುದಿನ ಐದು ಗಂಟೆಗೆ, ನಾನು ಕರೆಯುವ ಮೊದಲೇ ಎದ್ದು, ಬೂಟಿನ ದಾರ ಕಟ್ಟಿಕೊಳ್ಳುತ್ತಿರುತ್ತಾಳೆ. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಪಂದ್ಯವಿದೆ. ಹೆಸರು ಕೊಟ್ಟಾಗಿದೆ, ಹೊಸ ಚೆಂಡಿನ ಒಂದು ಡಬ್ಬಿಯನ್ನೂ ತಂದಾಗಿದೆ.